ಜೈಂಟ್ ವೀಲಿಗೆ ಕೊನೆಯ ಪಂಕ್ತಿ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನಂಬಬೇಡಿ. ನಂಬದೆ ಕೊನೆಯವರೆಗೂ ಓದಿಬಿಡಿ, ನೋಡೋಣ. ನಂಜನಗೂಡು ಪೇಟೆಯಲ್ಲಿ ನನ್ನ ಮಾತು ನಂಬುವುದಿಲ್ಲ ಎಂದು ಆಣೆ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲೇ ಅರ್ಧ ಜನ ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಸ್ವೆಟರ್ ಹಾಕಿಕೊಂಡು ಬಂದು ಸಾಲಾಗಿ ಕೂತಿದ್ದರು. ಹೊಸ ಬಸ್ಸಿನ ಪೂಜೆಗೆ ಬಂದವರನ್ನೆಲ್ಲ ಪುಕ್ಕಟೆ ಊಟಿಗೆ ಕರೆದುಕೊಂಡು ಹೋಗುತ್ತಾರಂತೆ ಎಂದು ನಾನು ಹಿಂದಿನ ದಿನ ಕ್ಷೌರದಂಗಡಿಯಲ್ಲಿ ಯಾರ ಕಿವಿಗೂ ಬೀಳದ ಹಾಗೆ ಮೆಲ್ಲಗೆ ಹೇಳಿದ್ದೆ. ಮೆಲ್ಲಗೆ ಹೇಳಿದ್ದು ಊರಿಗೆಲ್ಲ ಕೇಳುತ್ತದೆ. ನಂಜನಗೂಡಿನ ಬಿಸಿಲಿನಲ್ಲಿ ಸ್ವೆಟರ್ ಹಾಕಿದವರನ್ನು ನೋಡುವುದಕ್ಕೆ ಪುಣ್ಯ ಬೇಕು.

ಅಂಥ ನನ್ನನ್ನೇ ಅಂಗೈಯಲ್ಲಿಟ್ಟುಕೊಂಡು ಆಡಿಸಿದವಳು ನನ್ನ ಅಕ್ಕ. ಅವಳನ್ನು ಟಿ. ನರಸೀಪುರಕ್ಕೆ ಕೊಟ್ಟಿತ್ತು. ಭಾವನದು ಭತ್ತ, ಕಬ್ಬಿನ ವ್ಯವಸಾಯ. ನಾನು ನಂಜನಗೂಡಿನಲ್ಲಿ ಬಾಳೆಹಣ್ಣಿನ ಮಂಡಿ ಇಟ್ಟವನು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷ ಆಗಿತ್ತು. ನನಗೂ ಅಕ್ಕನಿಗೂ ಮೊಮ್ಮಕ್ಕಳಾಗಿದ್ದವು. ಬೇಸಿಗೆ ರಜ. ಅಕ್ಕ ಒಂದು ದಿನ ಮಂಡಿಗೆ ಬಂದು, ಗೊನೆಗಳ ನಡುವೆ ಸ್ಟೂಲ್ ಎಳೆದುಕೊಂಡು ಕೂತು, ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು ಹೇಳಿದಳು.

"ಲೋ, ಮುಂದಿನ ತಿಂಗ್ಳು ಮಂಡಿ ಕುಯ್ತಾರಂತೆ."

"ಯಾವ ಮಂಡಿ ಅಕ್ಕ? ಈ ಮಂಡೀನಾ?"

"ತಲೆಹರಟೆ ಮಾಡ್ಬ್ಯಾಡ. ಕಾಲಿನ ಮಂಡಿ. ಆಮ್ಯಾಕೆ ನಾನು ಎಂಗಿರ್ತೀನೋ ಯಾರಿಗ್ ಗೊತ್ತು. ಮೈಸೂರತ್ರ ಆ ಪಾರ್ಕ್ ಆಗದಲ್ಲ, ಅಲ್ಲೊಂದು ದೊಡ್ಡ ತೊಟ್ಲು ತಿರುಗ್ತದಂತೆ. ಅದ್ರಲ್ಲಿ ಕೂತು ಒಂದೇ ಒಂದ್ಸಲ ಮೇಲಕ್ಕೋಗ್ ಬಂದ್ಬುಡ್ಬೇಕು ಕಣ್ಲಾ."

ಜೈಂಟ್ ವೀಲನ್ನು ಅವಳು ಕೊನೆಯವರೆಗೂ ತೊಟ್ಟಿಲು ಎಂದೇ ಕರೆದಳು. ಚಿಕ್ಕಂದಿನಲ್ಲಿ ಹೊಳೆದಂಡೆಯ ಬಯಲಿಗೆ ಮರದ ತೊಟ್ಟಿಲು ಬರುತ್ತಿತ್ತು. ನಾಲ್ಕು ಪೆಟ್ಟಿಗೆ, ಇಬ್ಬರು ಗಂಡಸರು ಕೈಯಲ್ಲಿ ತಳ್ಳಿ ತಿರುಗಿಸುವುದು. ಊರಿನ ಹುಡುಗಿಯರೆಲ್ಲ ಕೂತರು, ನನ್ನ ಅಕ್ಕ ಕೂರಲಿಲ್ಲ. ಅವಳ ಕಂಕುಳಲ್ಲಿ ನಾನಿದ್ದೆ. ಕೆಳಗಿಳಿಸಿದರೆ ಬೀದಿ ಕಿತ್ತುಹೋಗುವ ಹಾಗೆ ಅರಚುತ್ತಿದ್ದೆನಂತೆ. ಕೂಸು ಎತ್ತಿಕೊಂಡವಳನ್ನು ತೊಟ್ಟಿಲಿನವನು ಹತ್ತಿಸುತ್ತಿರಲಿಲ್ಲವಂತೆ. ಹಲ್ಲು ಹುಟ್ಟುವ ಮೊದಲೇ ನನ್ನ ಕಿತಾಪತಿ ಶುರುವಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

"ಅಷ್ಟೇ ತಾನೆ, ನಾಳೇನೆ ಬಸ್ ಅತ್ತಾಣ ನಡಿ," ಅಂದೆ.

"ನಿನ್ ಬಸ್ಸು ಗೊತ್ತು ನಂಗೆ. ತಲಕಾಡ್ಗೆ ಅಂತ ಕರ್ಕೊಂಡೋಗಿ, ನಡುದಾರೀಲಿ ಇಳ್ಸಿ, ಎಂಡ್ತಿ ಮಕ್ಕಳ್ನ ಬಿಸ್ಲಲ್ಲಿ ಬೇಯಿಸ್ದೋನು ನೀನು."

ಅದು ನಿಜ. ಆದರೆ ಆವತ್ತು ಕಂಡಕ್ಟರ್ ಜೊತೆ ಹರಟುತ್ತಾ ಬೇರೆ ಕಡೆ ಇಳಿದದ್ದರಿಂದಲೇ ಒಂದು ಕಲ್ಲಂಗಡಿ ಹೊಲ ಸಿಕ್ಕಿತು. ಹೊಲದವನು ಹಣ್ಣು ಒಡೆದು ಕೊಟ್ಟ. ಮಕ್ಕಳು ಮುಖವೆಲ್ಲ ಕೆಂಪು ಮಾಡಿಕೊಂಡು ತಿಂದರು. ಆಮೇಲೆ ತಲಕಾಡಿನ ದೇವಸ್ಥಾನ ನೋಡಿದ್ದು ಅವರಲ್ಲಿ ಒಬ್ಬರಿಗೂ ನೆನಪಿಲ್ಲ. ಕಲ್ಲಂಗಡಿ ಎಲ್ಲರಿಗೂ ನೆನಪಿದೆ. ಎಲ್ಲಿಗೆ ಹೋಗುತ್ತೇವೆ ಎಂದು ಪೂರ್ತಿ ಗೊತ್ತಿದ್ದರೆ ಹೋಗುವುದಾದರೂ ಯಾಕೆ ಎನ್ನುವವನು ನಾನು. ಅಕ್ಕ ಆ ಜಾತಿಯವಳಲ್ಲ. ನರಸೀಪುರದಲ್ಲಿ ಮಠದ ದಾಸೋಹ ಎಂದರೆ ಅಡುಗೆಮನೆಯ ಯಜಮಾನಿಕೆ ಅವಳದು. ಎಲೆ ಹಾಸಿ ಒಂದು ಸಾಲು ಜನ ಕೂತು ಉಂಡು ಎದ್ದರೆ ಅದು ಒಂದು ಪಂಕ್ತಿ. ಮೊದಲನೇ ಪಂಕ್ತಿಗೆ ಯಾರು, ಎರಡನೆಯದಕ್ಕೆ ಯಾರು, ಯಾವಾಗ ಅನ್ನ ಬಸಿಯಬೇಕು, ಯಾವಾಗ ಪಾಯಸ ಹೊರಗೆ ಬರಬೇಕು, ಎಲ್ಲ ಅವಳ ತಲೆಯಲ್ಲಿ. ಅವಳು ಇದ್ದ ದಿನ ಎಲೆ ಮುಂದೆ ಕೂತವನು ಸಾರಿಗಾಗಿ ತಲೆಯೆತ್ತಿ ನೋಡಿದ್ದನ್ನು ನಾನು ಕಂಡಿಲ್ಲ.

ಆ ಪಾರ್ಕನ್ನೂ ಅವಳು ಹಾಗೇ ಹಿಡಿದಳು.

ಶಾಲೆ ಮಕ್ಕಳನ್ನು ಟೂರ್‌ಗೆ ಕರೆದುಕೊಂಡು ಹೋಗುವ ಟೆಂಪೋ ಡ್ರೈವರ್ ಒಬ್ಬ ಅವರ ಬೀದಿಯಲ್ಲೇ ಇದ್ದ. ಅವನನ್ನು ಕರೆಸಿ, ಮುದ್ದೆ ಬಸ್ಸಾರು ಉಣ್ಣಿಸಿ, ಜಗಲಿಯ ಮೇಲೆ ಕೂರಿಸಿ, ಮುಂದೆ ಒಂದು ಬುಟ್ಟಿ ತರಕಾರಿ ಇಟ್ಟಳು. "ಗೇಟ್ ಎಲ್ಲದೆ, ಅಲ್ಲಿ ಒಂದ್ ಈರುಳ್ಳಿ ಇಡಪ್ಪ" ಅಂದಳು. ನುಗ್ಗೆಕಾಯಿಯೆಲ್ಲ ದಾರಿ, ಬದನೆಕಾಯಿಯೆಲ್ಲ ನೀರಿನ ಜಾರುಬಂಡೆ, ಆಲೂಗೆಡ್ಡೆ ಕಕ್ಕಸು. ದೂರದ ಮೂಲೆಯಲ್ಲಿ ಒಂದು ಕುಂಬಳಕಾಯಿ, ಅದು ತೊಟ್ಟಿಲು. ನಾನು ಆ ದಿನ ಅಲ್ಲೇ ಇದ್ದೆ. ಅವಳು ಒಳಗೆ ಹೋದಾಗ ಮೆಲ್ಲಗೆ ಕುಂಬಳಕಾಯಿ ತೆಗೆದು ಆಲೂಗೆಡ್ಡೆ ಪಕ್ಕ ಇಟ್ಟೆ. ಡ್ರೈವರ್ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡ. ಅಕ್ಕ ಹೊರಗೆ ಬಂದವಳು ನೆಲ ನೋಡಲಿಲ್ಲ, ನನ್ನ ಮುಖ ನೋಡಿದಳು.

"ಎಲ್ಲಿಂದ ತಗುದ್ಯೋ ಅಲ್ಲೇ ಇಡು."

ಮಾರನೆಯ ದಿನ ಆ ಪಾರ್ಕನ್ನೆಲ್ಲ ಹೆಚ್ಚಿ ಹುಳಿ ಮಾಡಿ ಉಂಡೆವು. ಅಷ್ಟರಲ್ಲಿ ಅದು ಅವಳ ತಲೆಯೊಳಗೆ ಹೋಗಿ ಕೂತಿತ್ತು.

ನೀರಿಗಿಳಿಯುವವರು ಹತ್ತಿ ಬಟ್ಟೆ ಹಾಕುವಂತಿಲ್ಲ, ನೈಲಾನ್ ಬೇಕು ಎಂದು ಡ್ರೈವರ್ ಹೇಳಿದ್ದ. ಅಕ್ಕ ತನ್ನ ಮತ್ತು ನನ್ನ ಹೆಂಡತಿಯ ಒಂದೇ ಥರದ ಹಳೇ ನೈಲಾನ್ ಸೀರೆಗಳನ್ನು ಕತ್ತರಿಸಿ ಎಲ್ಲರಿಗೂ ಚಡ್ಡಿ, ಮೇಲಂಗಿ ಹೊಲಿಸಿಬಿಟ್ಟಳು. ನೇರಳೆ ಬಣ್ಣದ ಮೇಲೆ ಹಳದಿ ಹೂವು. ಹೆಂಗಸರು, ಮಕ್ಕಳು, ಅಳಿಯಂದಿರು, ಎಲ್ಲರಿಗೂ ಅದೇ ಹೂವು. ಅಳಿಯಂದಿರ ಮುಖ ನೀವು ನೋಡಬೇಕಿತ್ತು. ನನಗೆ ಮಾತ್ರ ಅದು ಬಹಳ ಚೆನ್ನಾಗಿ ಒಪ್ಪಿತ್ತು. ಆದರೆ ಪಾರ್ಕಿನ ಆ ಜನಜಂಗುಳಿಯಲ್ಲಿ ಅಕ್ಕ ಒಂದು ಕಲ್ಲುಬೆಂಚಿನ ಮೇಲೆ ನಿಂತು ಸುಮ್ಮನೆ ಕಣ್ಣಾಡಿಸಿದರೆ ಸಾಕು, ನಮ್ಮವರು ಎಲ್ಲೆಲ್ಲಿದ್ದಾರೆ ಎಂದು ಕಾಣುತ್ತಿತ್ತು. ಆಗ ನನಗೆ ಗೊತ್ತಾಯಿತು, ಅದು ಬಟ್ಟೆ ಉಳಿಸುವ ಉಪಾಯವಲ್ಲ.

ಹೋದ ದಿನ ಗೇಟಿನ ಹತ್ತಿರ ನನ್ನದೂ ಒಂದು ಕಾಣಿಕೆ ಇರಲಿ ಎಂದು ಭಾವನ ಕಿವಿಯಲ್ಲಿ ಹೇಳಿದೆ, "ಭಾವ, ಮೆಟ್ಟು ಒಳಕ್ಕೆ ಬುಡಾಕಿಲ್ವಂತೆ." ಭಾವ ದೇವರಂಥ ಮನುಷ್ಯ, ಟೆಂಪೋ ಪಕ್ಕ ಮೆಟ್ಟು ಬಿಟ್ಟ. ಅವನನ್ನು ನೋಡಿ ಇನ್ನಿಬ್ಬರು ಬಿಟ್ಟರು. ಅವರನ್ನು ನೋಡಿ ಯಾವುದೋ ಊರಿನವರು, ನಮ್ಮ ಪರಿಚಯವೇ ಇಲ್ಲದವರು, ಸಾಲಾಗಿ ಮೆಟ್ಟು ಬಿಟ್ಟು ಕೈಕಾಲು ತೊಳೆಯಲು ನಲ್ಲಿ ಎಲ್ಲಿದೆ ಎಂದು ಕೇಳತೊಡಗಿದರು. ಅಕ್ಕ ಬಂದು ನನ್ನ ಕಿವಿ ಹಿಂಡಿದಳು. ನನಗಾಗ ಐವತ್ತೈದು ದಾಟಿತ್ತು, ಮೊಮ್ಮಕ್ಕಳು ನೋಡುತ್ತಿದ್ದವು.

ಗೇಟು ದಾಟಿದ ಕೂಡಲೇ ಜನವೆಲ್ಲ ಎಡಕ್ಕೆ ಹರಿಯಿತು. ಅಕ್ಕ ನಮ್ಮನ್ನೆಲ್ಲ ಬಲಕ್ಕೆ ತಿರುಗಿಸಿದಳು.

"ಯಾಕೆ? ಎಲ್ಲಾ ಆ ಕಡೆ ಓಯ್ತಾವ್ರೆ," ಅಂದ ಭಾವ.

"ಓಯ್ತಾರೆ. ಗುಡಿ ಅಭ್ಯಾಸ. ಒಳಕ್ಕೆ ಬಂದ್ರೆ ಕಾಲು ಪ್ರದಕ್ಷಿಣೆಗೆ ತಿರುಗ್ತದೆ. ನಾವು ಇತ್ಲಾಗಿಂದ ಬರಾಣ, ಈ ಕಡೆ ಖಾಲಿ ಇರ್ತದೆ."

"ಅಪ್ರದಕ್ಷಿಣೆ ಕಣೆ. ಒಳ್ಳೇದಲ್ಲ."

"ನಡುವೆ ಇರೋದು ದೇವ್ರಲ್ಲ, ಬಜ್ಜಿ ಅಂಗ್ಡಿ. ನಡೀರಿ."

ನಿಮ್ಮಾಣೆಗೂ ಬಲಗಡೆ ಖಾಲಿ ಇತ್ತು. ಎಡಕ್ಕೆ ಹೋದವರು ಬಿಸಿಲಿನಲ್ಲಿ ಸಾಲು ನಿಂತು ಒಣಗುವಷ್ಟರಲ್ಲಿ ನಮ್ಮ ಮಕ್ಕಳು ಒಂದೊಂದು ಜಾರುಬಂಡೆಯನ್ನೂ ಮೂರು ಮೂರು ಸಲ ಜಾರಿದವು. ಮೊದಲನೇ ಪಂಕ್ತಿ ಮಕ್ಕಳದು, ಅವರ ಜೊತೆ ನಾನು. "ನಿನ್ನ ಕೊನೇಲಿ ಬುಟ್ರೆ ಒಲೆಗೇ ನೀರು ಉಯ್ತೀಯ" ಎಂದು ನನ್ನನ್ನು ಮಕ್ಕಳ ಸಾಲಿಗೆ ತಳ್ಳಿದ್ದಳು. ಎರಡನೆಯದು ಹೆಣ್ಣುಮಕ್ಕಳು, ಸೊಸೆಯರು. ಮೂರನೆಯದು ಗಂಡಸರು. ಒಂದು ಪಂಕ್ತಿ ಆಡುವಾಗ ಇನ್ನೊಂದು ಚೀಲ ಕಾಯುವುದು, ಮತ್ತೊಂದು ಕೈಗೆ ಮುದ್ರೆ ಒತ್ತಿಸಿಕೊಂಡು ಹೊರಗೆ ಹೋಗಿ ಟೆಂಪೋ ನೆರಳಲ್ಲಿ ಚಿತ್ರಾನ್ನ ಉಣ್ಣುವುದು. ಒಬ್ಬರೂ ಒಬ್ಬರಿಗಾಗಿ ಕಾಯಲಿಲ್ಲ, ಒಂದು ಮಗುವೂ ಹಸಿದು ಅಳಲಿಲ್ಲ. ಪ್ಲಾನ್ ಎಂದರೆ ಮೂಗುದಾರ ಎಂದುಕೊಂಡಿದ್ದವನು ನಾನು. ಮೂಗುದಾರ ಹಾಕಿದ್ದೇ ಗೊತ್ತಾಗದ ಹಾಗೆ ಎಲ್ಲರೂ ಹಾರಾಡುತ್ತಿದ್ದರು.

ತೊಟ್ಟಿಲಿಗೂ ಒಂದೊಂದೇ ಪಂಕ್ತಿ ಹೋಗಿ ಬಂತು. ನಾನು ಮಕ್ಕಳ ಜೊತೆ ಹೋದವನು ಡ್ರೈವರ್‌ಗೆ ಚುರುಮುರಿ ಕೊಡಿಸುವ ನೆಪದಲ್ಲಿ ಕೆಳಗೇ ಉಳಿದೆ. ಎತ್ತರ ಎಂದರೆ ನನಗೆ ಲೆಕ್ಕಕ್ಕಿಲ್ಲ, ಚುರುಮುರಿ ಮುಖ್ಯವಾಗಿತ್ತು. ಹೆಣ್ಣುಮಕ್ಕಳು ಹೋಗಿ ಬಂದರು. ಗಂಡಸರು ಹೋಗಿ ಬಂದರು. ಭಾವ ಮಾತ್ರ "ನೆಲದ ಮ್ಯಾಲೆ ಚೆನ್ನಾಗವ್ನಿ" ಎಂದು ಚೀಲದ ಮೇಲೆ ಕೂತ. ಅಕ್ಕ ಬೆಂಚಿನ ಮೇಲೆ ನಿಂತೇ ಇದ್ದಳು, ಒಂದು ಕೈ ನೋಯುವ ಮಂಡಿಯ ಮೇಲೆ.

ಆಗ ನನಗೆ ಹೊಳೆಯಿತು, ಅವಳು ಯಾವ ಪಂಕ್ತಿಯಲ್ಲೂ ಇಲ್ಲ.

"ಅಕ್ಕ, ನಿಂದ್ಯಾವಾಗ?"

"ಎಲ್ಲಾರ್ದೂ ಆಗ್ಲಿ."

"ಯಾರ್ದಾಗ್ಲಿ? ಇಡೀ ದಿನ ನೀನ್ ಬಂದಿರೋದೇ ಅದ್ಕೆ ತಾನೆ? ದಕ್ಷಿಣ ನೋಡು, ಮೋಡ ಕಟ್ತಾದೆ. ಭರಣಿ ಮಳೆ ಕಾಲ. ಈಗ್ಲೇ ಓಗ್ಬುಡಾಣ ನಡಿ."

"ಸಣ್ಣವಿನ್ನೂ ಉಂಡಿಲ್ಲ. ಬಡಿಸೋಳು ಮೊದ್ಲು ಉಣ್ತಾಳೇನ್ಲಾ?"

ನೋಡಿ, ಇದು ಅವಳ ಪ್ಲಾನಿನಲ್ಲಿದ್ದ ಒಂದೇ ಒಂದು ತೂತು. ದಾಸೋಹದಲ್ಲಿ ಬಡಿಸುವವರು ಕೊನೆಗೆ ಕೂರುತ್ತಾರೆ. ಎಷ್ಟೇ ಹೊತ್ತಾಗಲಿ, ಅಡುಗೆಯವನು ಅವರಿಗಾಗಿ ಒಂದು ಕೊಳಗ ಅನ್ನ ಎತ್ತಿಟ್ಟಿರುತ್ತಾನೆ. ಜೈಂಟ್ ವೀಲಿನವನು ಏನು ಎತ್ತಿಟ್ಟಿರುತ್ತಾನೆ? ಸಂಜೆಯಾದರೆ ಕರೆಂಟು ತೆಗೆದು ಮನೆಗೆ ಹೋಗುತ್ತಾನೆ.

ನಾನು ಸುಮ್ಮನಿರುವವನೇ? ಹೋಗಿ ಓಡೋಡಿ ಬಂದೆ. "ಅಕ್ಕಾ, ಸಣ್ಣದು ತೊಟ್ಲ ಅತ್ರ ನಿನ್ನೇ ಕೇಳ್ಕೊಂಡು ಅಳ್ತಾ ಅದೆ." ಸಣ್ಣದು ಎಂದರೆ ಅವಳ ಕೊನೆಯ ಮೊಮ್ಮಗಳು. ಅಕ್ಕ ಕುಂಟುತ್ತಾ ನಾಲ್ಕು ಹೆಜ್ಜೆ ಹೋದಳು, ನಿಂತಳು, ಬೆಂಚಿನ ಮೇಲೆ ಹತ್ತಿ ನೋಡಿದಳು. ದೂರದಲ್ಲಿ, ಟೆಂಪೋ ಕಡೆಯ ಗೇಟಿನಲ್ಲಿ, ನೇರಳೆ ಮೇಲೆ ಹಳದಿ ಹೂವಿನ ಸಣ್ಣ ಚಡ್ಡಿಯೊಂದು ಬಾಳೆಹಣ್ಣು ತಿನ್ನುತ್ತಾ ನಿಂತಿತ್ತು. ನನ್ನ ಜೀವಮಾನದಲ್ಲಿ ಬಟ್ಟೆಯ ಹೂವಿನಿಂದ ನಾನು ಸೋತದ್ದು ಅದೊಂದೇ ಸಲ.

ಸಣ್ಣದರ ಊಟ ಮುಗಿಯಿತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಈಗ ನಡಿ" ಅಂದಳು. ನಾವು ತೊಟ್ಟಿಲ ಹತ್ತಿರ ಬರುವುದಕ್ಕೂ ಗಾಳಿ ಏಳುವುದಕ್ಕೂ ಸರಿಹೋಯಿತು. ಧೂಳು, ಚುರುಮುರಿ ಕಾಗದ, ಯಾರದೋ ಟೋಪಿ, ಎಲ್ಲ ಮೇಲೆದ್ದವು. ವೀಲಿನವನು ತೊಟ್ಟಿಲು ನಿಲ್ಲಿಸಿ, ಸರಪಳಿ ಅಡ್ಡ ಹಾಕಿದ.

"ಗಾಳಿ ಜಾಸ್ತಿ ಅಜ್ಜಿ. ತಿರುಗ್ಸಂಗಿಲ್ಲ."

"ಅಜ್ಜಿ ಯಾರಪ್ಪ ನಿಂಗೆ?"

"ತಪ್ಪಾಯ್ತು ಅಮ್ಮ. ರೂಲ್ಸು. ಗಾಳಿ ನಿಂತ್ರೆ ನೋಡಾಣ."

ಆಮೇಲೆ ಮಳೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ, ಅಲ್ಲಿ ಬೆಳೆದದ್ದು ಗಲಾಟೆ. ಜನ ಮಕ್ಕಳನ್ನು ಎಳೆದುಕೊಂಡು ಗೇಟಿನ ಕಡೆ ಓಡಿದರು. ನಾವು ಟಿಕೆಟ್ ಕೊಡುವ ಶೀಟಿನ ಕೆಳಗೆ ಸೇರಿದೆವು. ಕತ್ತಲಾಗುವ ಮುಂಚೆ ಹೊರಡಬೇಕು, ನರಸೀಪುರದ ರಸ್ತೆ ಆಗ ಹಳ್ಳಗುಂಡಿ ಎಂದು ಅಕ್ಕನೇ ಮೊದಲು ಹೇಳಿದ್ದಳು. ಡ್ರೈವರ್ ಹೊರಗಿನಿಂದ ಹಾರನ್ ಹೊಡೆದ. ಅಕ್ಕ ತೊಟ್ಟಿಲ ಕಡೆ ನೋಡದೆ ಒದ್ದೆ ಬಟ್ಟೆ ಹಿಂಡಿ ಚೀಲಕ್ಕೆ ತುಂಬತೊಡಗಿದಳು.

"ಓಗ್ಲಿ ಬುಡು. ಎಲ್ಲಾ ಖುಷಿಯಾಗವ್ರೆ. ಅಷ್ಟು ಸಾಕು."

ಆ "ಅಷ್ಟು ಸಾಕು" ನನಗೆ ಹಿಡಿಸಲಿಲ್ಲ. ಐವತ್ತೈದು ವರ್ಷದ ಹಿಂದೆ ಹೊಳೆದಂಡೆಯಲ್ಲೂ ಅದನ್ನೇ ಅಂದಿರಬೇಕು. ನಾನು ಚೀಲ ಕಿತ್ತುಕೊಂಡು, ಮದುವೆಮನೆಯಲ್ಲಿ ಕೂಗುವ ಹಾಗೆ ಕೂಗಿದೆ.

"ಇನ್ನೊಂದು ಪಂಕ್ತಿ ಬಾಕಿ ಅದೆ. ಬಡಿಸೋರ ಪಂಕ್ತಿ. ಉಂಡೋರು ಯಾರೂ ಮನೆಗ್ ಓಗಂಗಿಲ್ಲ, ಎದ್ದು ಬಡಿಸ್ಬೇಕು."

ನಮ್ಮ ಕಡೆ ಈ ಮಾತಿಗೆ ಎದುರಿಲ್ಲ. ಬಡಿಸಿದವರು ಎಲೆ ಮುಂದೆ ಕೂತರೆ ಉಂಡವರು ಸೌಟು ಹಿಡಿಯಬೇಕು, ಗೌಡನಾದರೂ ಸರಿ. ಸೊಸೆಯರು ಚೀಲ ಕೆಳಗಿಟ್ಟರು. ಅಳಿಯಂದಿರು ಹೂವಿನ ಚಡ್ಡಿಯಲ್ಲೇ ನಿಂತರು. ಭಾವ ಬರಿಗಾಲಲ್ಲಿ ನೀರು ತುಳಿಯುತ್ತಾ ಹೋಗಿ ಡ್ರೈವರ್‌ನ ಹಾರನ್ ನಿಲ್ಲಿಸಿ, ಅವನನ್ನೂ ಒಳಗೆ ಕರೆದುಕೊಂಡು ಬಂದ. ಅಕ್ಕನಿಗೆ ಕೋಪ ಬಂತು. "ನನ್ಗೋಸ್ಕರ ಮಕ್ಕಳ್ನ ನೆನೆಸ್ಬುಡ್ತೀರಾ?" ಎಂದಳು. ಮಕ್ಕಳು ಬೆಳಗಿನಿಂದ ನೀರಿನಲ್ಲೇ ಇದ್ದವು. ಅವಕ್ಕೆ ಮಳೆ ಯಾವ ಲೆಕ್ಕ? ಕಾದೆವು. ಗಾಳಿ ತಗ್ಗಿತು, ಮಳೆ ಹನಿಹನಿಗೆ ಬಂತು, ನಿಂತಿತು. ಪಾರ್ಕು ಖಾಲಿಯಾಗಿತ್ತು.

ವೀಲಿನವನು ಸೀಟು ಒರೆಸಿದ. ಆಮೇಲೆ ತಲೆ ಕೆರೆದುಕೊಂಡ.

"ಒಬ್ರಿಗೋಸ್ಕರ ತಿರುಗ್ಸಕ್ಕಾಗಲ್ಲಮ್ಮ. ಎದುರುಬದುರು ತೂಕ ಸಮ ಬೇಕು. ಜನ ಎಲ್ಲವ್ರೆ?"

"ಇವ್ರು ಜನ ಅಲ್ವಾ?" ಅಂದೆ ನಾನು.

ಇಲ್ಲಿಂದ ಮುಂದೆ ನಡೆದದ್ದಕ್ಕೆ ನಾನು ಅವಳ ಕಾಲಿಗೆ ಬೀಳಬೇಕು. ಅಷ್ಟು ದಿನ ತರಕಾರಿ ಜೋಡಿಸಿದವಳು, ಇದನ್ನು ಜೋಡಿಸಿರಲಿಲ್ಲ. ಇದು ಅವಳ ತಲೆಯಲ್ಲಿ ಇರಲೇ ಇಲ್ಲ. ಆದರೂ ಒಂದು ಸಲ ನಮ್ಮೆಲ್ಲರ ಮೇಲೆ ಕಣ್ಣು ಹಾಯಿಸಿದಳು ನೋಡಿ, ಹೇಳದೆ ಕೇಳದೆ ಒಂದು ಬಸ್ಸು ಜನ ಊಟಕ್ಕೆ ಬಂದಿಳಿದರೆ ನೋಡುತ್ತಾಳಲ್ಲ, ಹಾಗೆ. "ದೊಡ್ಡಳಿಯಂದ್ರು ಆ ಪೆಟ್ಗೇಲಿ. ಅವ್ರೆದುರ್ಗೆ ಸಣ್ಣ ಸೊಸೆ, ಅವ್ಳ ಗಂಡ, ಒಂದ್ ಮಗು. ಡ್ರೈವರಪ್ಪ, ನೀನು ನಮ್ಮನೆಯವ್ರ ಜೊತೆ. ಎದುರ್ಗೆ ಹುಡುಗ್ರು ನಾಕ್ ಜನ, ಬಾಳೆಹಣ್ಣಿನ ಚೀಲಾನೂ ಮಡೀಕೊಳ್ಳಿ, ಸರೋಯ್ತದೆ." ವೀಲಿನವನು ಬಾಯಿ ತೆರೆಯುವುದರೊಳಗೆ ತೂಕ ಸಮವಾಗಿತ್ತು. ಅವನು ಒಂದು ಸಲ ತಿರುಗಿಸಿ ನೋಡಿ, "ಕರೆಕ್ಟಾಗದಲ್ಲಮ್ಮ" ಅಂದ. ನೆಲದ ಮೇಲೆ ಚೆನ್ನಾಗಿದ್ದ ಭಾವನೂ ತುಟಿಪಿಟಕ್ ಎನ್ನದೆ ಹತ್ತಿ, ಡ್ರೈವರ್‌ನ ತೋಳು ಹಿಡಿದು ಕೂತಿದ್ದ.

ಪ್ಲಾನ್ ಮಾಡುವವರಿಗೆ ಹಠಾತ್ತನೆ ಏನೂ ಮಾಡಲು ಬರುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಆವತ್ತಿನಿಂದ ಆ ಮಾತು ಬಿಟ್ಟೆ. ನಾನು ಬಸ್ಸಿಂದ ಇಳಿದರೆ ಕಲ್ಲಂಗಡಿ ಸಿಗುವುದು ಅದೃಷ್ಟ. ಅವಳಿಗೆ ಅದೃಷ್ಟ ಕೈಕೊಟ್ಟರೂ ನಡೆಯುತ್ತದೆ.

ಉಳಿದದ್ದು ಒಂದು ಪೆಟ್ಟಿಗೆ. ಅದರಲ್ಲಿ ಅಕ್ಕ. ಅವಳ ಪಕ್ಕ ಒಂದು ಜಾಗ.

"ಬಾರ್ಲಾ," ಅಂದಳು. "ಆಗ್ಲೂ ನಿನ್ನಿಂದ್ಲೇ ತಪ್ತು. ಈಗ ಕಂಕುಳಲ್ಲಿ ಕೂರಿಸ್ಕಂಡೇ ಓಯ್ತೀನಿ."

ಕೂತೆ. ತೊಟ್ಟಿಲು ಮೆಲ್ಲಗೆ ಮೇಲೆ ಹೋಯಿತು. ಮರಗಳು ಕೆಳಗಾದವು, ಬಜ್ಜಿ ಅಂಗಡಿಯ ತಗಡು ಕೆಳಗಾಯಿತು, ಮಳೆ ತೊಳೆದ ಗಾಳಿ ಮುಖಕ್ಕೆ ಹೊಡೆಯಿತು. ಎಲ್ಲಕ್ಕಿಂತ ಮೇಲೆ ಹೋದಾಗ ವೀಲಿನವನು, ಪುಣ್ಯಾತ್ಮ, ಸ್ವಲ್ಪ ಹೊತ್ತು ನಿಲ್ಲಿಸಿದ. ನಾನು ಆರಾಮಾಗಿ ಕಾಲಮೇಲೆ ಕಾಲು ಹಾಕಿಕೊಂಡು, ಕೈ ಚಾಚಿ, "ನೋಡಕ್ಕ, ಅಗೋ ಚಾಮುಂಡಿ ಬೆಟ್ಟ. ಅದ್ರಿಂದಾಚೆ ನಮ್ಮೂರು. ಆ ಕಡೆ ಬೆಳ್ಳಗೆ ಹೊಳೀತದಲ್ಲ, ಅದು ಹೊಳೆ ಇರ್ಬೇಕು" ಎಂದು ಒಂದೊಂದಾಗಿ ತೋರಿಸಿದೆ.

ಅಕ್ಕ ಒಂದು ಸಲ ಮೂಗು ಸೇದಿದಳು. ಅವಳು ಅಳುತ್ತಾಳೇನೋ ಎಂದುಕೊಂಡೆ. ಆಮೇಲೆ "ಅಯ್ಯೋ" ಅಂದಳು.

"ಏನಕ್ಕ?"

"ಅಲ್ಲಿ ಹಿಂದ್ಗಡೆ ಇನ್ನೊಂದ್ ಗೇಟ್ ಅದೆ ಕಣ್ಲಾ. ಡ್ರೈವರ್ ಯೋಳ್ಲೇ ಇಲ್ಲ. ಟೆಂಪೋ ಅಲ್ಲಿ ನಿಲ್ಸಿದ್ರೆ ಊಟಕ್ಕೆ ಅಷ್ಟು ದೂರ ನಡೀಬೇಕಾಗೇ ಇರ್ಲಿಲ್ಲ. ಮುಂದಿನ್ ಸಲ ಆ ಕಡೆಯಿಂದ ಬರಾಣ."

ಮುಂದಿನ ಸಲ. ಮಂಡಿ ಕುಯ್ಯುವ ಮಾತು ಆಡಿದಾಗಿನಿಂದ ಆ ಪದ ಅವಳ ಬಾಯಲ್ಲಿ ಕೇಳಿರಲಿಲ್ಲ. ಇಳಿಯುವಾಗ ಅವಳೇ ವೀಲಿನವನನ್ನು ಕೇಳಿದಳು, "ಇನ್ನೊಂದ್ ಸುತ್ತು ಆಯ್ತದೇನಪ್ಪ?" ಅವನು ಅವಳ ಮುಖ ನೋಡಿ, ಆಕಾಶ ನೋಡಿ, ಮತ್ತೆ ತಿರುಗಿಸಿದ.

ಇಷ್ಟೂ ನಡೆದದ್ದು. ಸ್ವೆಟರ್ ಹಾಕಿ ಬಂದವರು ಈಗಲೂ ಪೇಟೆಯಲ್ಲಿದ್ದಾರೆ, ಹೂವಿನ ಚಡ್ಡಿ ಈಗಲೂ ಬೀರುವಿನಲ್ಲಿದೆ, ಭಾವನ ಮೆಟ್ಟು ಮಾತ್ರ ಆ ದಿನ ಯಾರೋ ಹಾಕಿಕೊಂಡು ಹೋದರು. ಸುಳ್ಳು ಸೇರಿಸಿದ್ದು ಒಂದೇ ಕಡೆ. ಚಾಮುಂಡಿ ಬೆಟ್ಟ ತೋರಿಸಿದ್ದು ನಾನಲ್ಲ. ತೊಟ್ಟಿಲು ನೆಲ ಬಿಟ್ಟಾಗಿನಿಂದ ನಾನು ಕಣ್ಣು ಬಿಟ್ಟಿರಲಿಲ್ಲ. ಎರಡೂ ಕೈಯಲ್ಲಿ ಅಕ್ಕನ ಸೆರಗು ಹಿಡಿದು, ಮುಖ ಅವಳ ಭುಜಕ್ಕೆ ಒತ್ತಿಕೊಂಡು ಕೂತಿದ್ದೆ. ಬೆಟ್ಟ, ಊರು, ಹೊಳೆ, ಎಲ್ಲ ತೋರಿಸಿದವಳು ಅವಳೇ. ನಾನು ಪ್ರತಿಯೊಂದಕ್ಕೂ "ಹೂಂ ಅಕ್ಕ, ಕಾಣ್ತದೆ" ಎನ್ನುತ್ತಿದ್ದೆ.